ಬಣ್ಣ ಬದಲಿಸಿ ಬಂದ ಸಾರಾಯಿ

ಪಾನನಿಷೇಧದ ಮಾತು ಬಂದರೆ ಹಿರಿಯರಿಗೆ ಗುಜರಾತ್ ನೆನಪಾಗುತ್ತದೆ, ಈಚಿನವರಿಗೆ ಬಿಹಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಯಾರಿಗೂ ನೆನಪಾಗುವುದಿಲ್ಲ. ಆದರೆ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಮುಕ್ಕಾಲು ಶತಮಾನದೊಳಗೆ ಮೂರು ಬಗೆಯ ನಿಷೇಧ ಕಂಡಿವೆ. ಮೊದಲನೆಯದು ಮದ್ರಾಸ್ ಸರ್ಕಾರದ್ದು, ಎರಡನೆಯದು 2007ರ ಸಾರಾಯಿ ನಿಷೇಧ. ಮೂರನೆಯದನ್ನು ಯಾರೂ ಬಯಸಿರಲಿಲ್ಲ: 2020ರ ಲಾಕ್‌ಡೌನ್‌ನ ನಲವತ್ತು ದಿನ. ಮೂರು ಸಲವೂ ಕುಡಿತ ಹೋಗಲಿಲ್ಲ. ಪಾತ್ರೆ ಬದಲಾಯಿತು, ಮಾರುವವರು ಬದಲಾದರು, ಲಾಭ ಸೇರುವ ಜೇಬು ಬದಲಾಯಿತು. ಈಗ ನಾಲ್ಕನೆಯ ಮಾತು ಕೇಳಿಬರುತ್ತಿದೆ: ‘ಸಾರಾಯಿಯನ್ನೇ ವಾಪಸ್ ತನ್ನಿ, ಬಡವರಿಗೆ ಅದೇ ವಾಸಿ.’ ಕಟ್ಟೆಯ ಮೇಲೆ ಕೂತ ಹಿರಿಯರು ಹೇಳುವ ಈ ಮಾತನ್ನು ರಾಜಕಾರಣಿಗಳೂ ಆಗಾಗ ಆಡುತ್ತಾರೆ. ಅದು ಎಷ್ಟು ಸರಿ ಎಂದು ನೋಡಬೇಕಾದರೆ ಹಿಂದಿನಿಂದಲೇ ಬರಬೇಕು.

ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿರೋಧ ಶುರು ಮಾಡಿದರು. ಹೆಂಡ–ಸಾರಾಯಿಯಿಂದ ಬರುತ್ತಿದ್ದ ಆದಾಯ ಖೋತಾ ಆಗುತ್ತದೆಂದು 1939ರಲ್ಲಿ ಮಾರಾಟ ತೆರಿಗೆ ತಂದರು. ಇವತ್ತು ನಾವು ಸೋಪಿಗೂ ಸೀರೆಗೂ ಕಟ್ಟುವ ತೆರಿಗೆಯ ಬೇರು ಒಂದು ಕಡೆ ಪಾನನಿರೋಧದಲ್ಲಿದೆ ಎನ್ನುವುದು ಕುಡಿಯದವರಿಗೆ ಅಷ್ಟೇನೂ ಸಿಹಿಯಲ್ಲದ ಸುದ್ದಿ. ಯುದ್ಧದ ಕಾಲದಲ್ಲಿ ಯೋಜನೆ ಸಡಿಲವಾಗಿ, 1946ರಿಂದ ಮತ್ತೆ ಹಂತ ಹಂತವಾಗಿ ಜಾರಿಗೆ ಬಂತು. 1948ರ ಗಾಂಧಿ ಜಯಂತಿಯ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಹೆಂಡ, ಸಾರಾಯಿ, ಬ್ರಾಂದಿ ಎಲ್ಲವೂ ಕಾನೂನುಬಾಹಿರ. ಅದೇ ವರ್ಷ ಜನವರಿಯಲ್ಲಿ ಗಾಂಧೀಜಿ ಹತರಾಗಿದ್ದರು. ಅವರ ಚಿತಾಭಸ್ಮವನ್ನು ಇರಿಸಿದ ಸ್ಮಾರಕ ಕೂಡ್ಲಿಗಿಯಲ್ಲಿದೆ.

ನಕ್ಷೆ ನೋಡಿದರೆ ಆಗಿನ ಪರಿಸ್ಥಿತಿ ಅರ್ಥವಾಗುತ್ತದೆ. ಉತ್ತರಕ್ಕೆ ತುಂಗಭದ್ರೆ. ಹೊಳೆಯಾಚೆಯ ಕೊಪ್ಪಳ, ಗಂಗಾವತಿಗಳು ಹೈದರಾಬಾದ್ ಸೀಮೆ. ಅಲ್ಲಿ ಮದ್ರಾಸಿನ ಕಟ್ಟಳೆ ನಡೆಯುತ್ತಿರಲಿಲ್ಲ. ಪಶ್ಚಿಮಕ್ಕೆ, ಹಡಗಲಿಯ ಎದುರಿಗೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಅಲ್ಲಿಯೂ 1950ರ ಹೊತ್ತಿಗೆ ಪಾನನಿರೋಧ ಬಂದಿತ್ತು. ಒಂದೇ ಭಾಷೆಯ ಜನ, ಒಂದೇ ಹೊಳೆಯ ನೀರು ಕುಡಿಯುವವರು. ಒಂದು ದಂಡೆಯಲ್ಲಿ ಹೆಂಡ ಸರ್ಕಾರಿ ಆದಾಯ, ಇನ್ನೊಂದು ದಂಡೆಯಲ್ಲಿ ಜೈಲಿನ ದಾರಿ. ಇಂಥ ಗಡಿಯಲ್ಲಿ ಕಳ್ಳಸಾಗಣೆ ಹುಟ್ಟುವುದಕ್ಕೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಹಳ್ಳದ ದಂಡೆಯ ಈಚಲು ಮರ ಇಳಿಸಿ ಬದುಕುತ್ತಿದ್ದ ಈಡಿಗರ ಮನೆಗಳಿಗೆ ಬಿದ್ದ ಪೆಟ್ಟಿನ ಬಗ್ಗೆ ಬರೆದವರು ಕಡಿಮೆ. ಪಾನನಿರೋಧದ ಇತಿಹಾಸವನ್ನು ಬರೆದವರು ಹೆಚ್ಚಾಗಿ ಕುಡಿಯದ, ಹೆಂಡ ಇಳಿಸದ ಮನೆಗಳಿಂದ ಬಂದವರು.

ಏಕೀಕರಣವಾದಾಗ ಮೈಸೂರು ರಾಜ್ಯದ ಒಂದೊಂದು ಭಾಗದಲ್ಲಿ ಒಂದೊಂದು ಕಾಯ್ದೆ ಇತ್ತು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಾನನಿರೋಧ ಕಾಯ್ದೆ ಬಂತು. ಅದು ಹೆಚ್ಚು ದಿನ ಬಾಳಲಿಲ್ಲ. ಖಜಾನೆ ಖಾಲಿಯಾಗುತ್ತಿತ್ತು, ಕಳ್ಳಭಟ್ಟಿ ನಿಲ್ಲುತ್ತಿರಲಿಲ್ಲ. 1967ರ ಅಕ್ಟೋಬರ್‌ನಲ್ಲಿ ಅಬಕಾರಿ ಕಾಯ್ದೆ ಜಾರಿಯಾಗಿ ಪಾನನಿರೋಧ ಮುಗಿಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ, ಖಾದಿಯ ಮನುಷ್ಯ, ಪಕ್ಕಾ ಗಾಂಧಿವಾದಿ. ಅವರು ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಇದರಲ್ಲಿ ವ್ಯಂಗ್ಯ ಹುಡುಕುವವರು ಹುಡುಕಲಿ. ನನಗೆ ಕಾಣುವುದು ಬೇರೆ: ಗಾಂಧಿಯನ್ನು ನಂಬಿದ ಮನುಷ್ಯನಿಗೂ ಬಜೆಟ್ಟಿನ ಲೆಕ್ಕ ಬಿಡಲಿಲ್ಲ. ಆಮೇಲೆ ಬಂದ ಯಾವ ಮುಖ್ಯಮಂತ್ರಿಯನ್ನೂ ಅದು ಬಿಟ್ಟಿಲ್ಲ.

ಆಮೇಲಿನ ನಲವತ್ತು ವರ್ಷ ಸಾರಾಯಿ ಗುತ್ತಿಗೆದಾರರ ಕಾಲ. ಪ್ರತಿ ವರ್ಷ ಹರಾಜು. ಅಬಕಾರಿ ವರ್ಷ ಜುಲೈ 1ಕ್ಕೆ ಶುರು. ಹೆಚ್ಚು ಕೂಗಿದವನಿಗೆ ತಾಲ್ಲೂಕು. ಕೂಗಿದ ಮೊತ್ತ ವಸೂಲಾಗಬೇಕಾದರೆ ಹೆಚ್ಚು ಮಾರಬೇಕು. ಹೆಚ್ಚು ಮಾರಬೇಕಾದರೆ ಊರೂರಿಗೆ ಅಂಗಡಿ ಬೇಕು, ಅಂಗಡಿಯಿಲ್ಲದ ಊರಿಗೆ ಹುಡುಗರು ಸೈಕಲ್ಲಿನಲ್ಲಿ ಒಯ್ಯಬೇಕು. ಮೊದಲು ಗಾಜಿನ ಲೋಟದಲ್ಲಿ ಅಳೆದುಕೊಡುತ್ತಿದ್ದ ಸಾರಾಯಿ ಆಮೇಲೆ ಪ್ಲಾಸ್ಟಿಕ್ ಪಾಕೀಟಿಗೆ ಇಳಿಯಿತು. ಮೂಲೆಯನ್ನು ಹಲ್ಲಿನಿಂದ ಕಚ್ಚಿ, ತಲೆ ಹಿಂದಕ್ಕೆ ಮಾಡಿ, ಒಂದೇ ಗುಟುಕಿಗೆ ಸುರಿದುಕೊಂಡು, ಖಾಲಿ ಪಾಕೀಟನ್ನು ಅಲ್ಲೇ ಎಸೆದು, ಬಾಯೊರೆಸಿಕೊಂಡು ಹೊರಡುವುದು. ಉಪ್ಪು, ಉಪ್ಪಿನಕಾಯಿ, ಸಿಕ್ಕರೆ ಮಂಡಕ್ಕಿ–ಮೆಣಸಿನಕಾಯಿ. ಕೊಟ್ಟೂರಿನವರು ಮಂಡಕ್ಕಿ–ಮೆಣಸಿನಕಾಯಿಯ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ಅದು ಯಾವ ಅಂಗಡಿಯ ಮುಂದೆ ಹೆಚ್ಚು ಖರ್ಚಾಗುತ್ತಿತ್ತು ಎಂಬುದನ್ನು ಹೇಳುವುದಿಲ್ಲ.

ಗುತ್ತಿಗೆದಾರರ ದುಡ್ಡು ಚುನಾವಣೆಗೆ ಹೋಗುತ್ತಿತ್ತು, ಚುನಾವಣೆಯಲ್ಲಿ ಗೆದ್ದವರು ಹರಾಜಿನ ಮೇಲೆ ಕೂರುತ್ತಿದ್ದರು. ರಾಜ್ಯದ ಮಟ್ಟದಲ್ಲಿ ಇದರ ನಂಟು ಎಷ್ಟಿತ್ತೆಂಬುದಕ್ಕೆ 1986ರ ಫೆಬ್ರುವರಿ ಸಾಕ್ಷಿ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಟೀಕೆ ಮಾಡಿದ್ದರಿಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಮೂರು ದಿನದಲ್ಲಿ ವಾಪಸ್ ಪಡೆದರು. ಮೌಲ್ಯಾಧಾರಿತ ರಾಜಕಾರಣದ ಹೆಸರಾಗಿದ್ದವರ ಕುರ್ಚಿಯೂ ಅಲುಗಿದ್ದು ಸಾರಾಯಿಯ ಬಾಟಲಿಯಿಂದ.

ಇದರ ನಡುವೆ ಹೆಂಗಸರು ಸುಮ್ಮನಿರಲಿಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರ ಸುಮಾರಿಗೆ ಅಕ್ಷರ ಕಲಿಯಲು ಕೂತ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ಗಡಿ ದಾಟಿ ಬಂದಿತ್ತು. ಅಲ್ಲಿ 1993ರಲ್ಲಿ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸಂಪೂರ್ಣ ಪಾನನಿಷೇಧ ತಂದರು, 1997ರಲ್ಲಿ ಚಂದ್ರಬಾಬು ನಾಯ್ಡು ಅದನ್ನು ತೆಗೆದರು. ಎರಡೇ ವರ್ಷ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿದ ಮೇಲೆ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವಾಗಲೇ ಗಂಡನ ಸಾರಾಯಿಯ ಲೆಕ್ಕವೂ ಹೊರಬಂತು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರಿಗೆ ಹೋಗಿ ‘ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ’ ಎಂದು ಬೇಡಿದ್ದು, ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದು, ಇವೆಲ್ಲ ಸೇರಿ ವಾತಾವರಣ ಹದವಾಗಿತ್ತು. 2007ರ ಬಜೆಟ್ಟಿನಲ್ಲಿ ಆಗ ಹಣಕಾಸು ನೋಡುತ್ತಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಾರಾಯಿ ನಿಷೇಧ ಘೋಷಿಸಿದರು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಆ ವರ್ಷ ಜುಲೈ 1ರಂದು ಹರಾಜು ನಡೆಯಲಿಲ್ಲ, ಸಾರಾಯಿ ಅಂಗಡಿಗಳು ತೆರೆಯಲಿಲ್ಲ.

ಮೊದಲ ಕೆಲವು ತಿಂಗಳು ಹೆಂಗಸರಿಗೆ ಹಬ್ಬವೇ. ಈ ನಿಷೇಧವನ್ನು ಲೇವಡಿ ಮಾಡುವವರು ಇದನ್ನು ಮರೆಯುತ್ತಾರೆ. ಊರೊಳಗೆ, ಶಾಲೆಯ ಹಾದಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಇದ್ದ ಅಂಗಡಿ ಮುಚ್ಚಿತೆಂದರೆ ಅದು ಸಣ್ಣ ವಿಷಯವಲ್ಲ. ಕುಡಿಯಲು ಪಟ್ಟಣಕ್ಕೆ ಹೋಗಬೇಕು, ಬಸ್ ಚಾರ್ಜು ಬೇಕು, ಸಂಜೆ ವಾಪಸ್ ಬರಬೇಕು. ಕುಡಿಯುವ ಚಟಕ್ಕೆ ದೂರವೇ ದೊಡ್ಡ ಔಷಧ. ಆ ಔಷಧ ಬೇಗ ಮುಗಿಯಿತು.

ಸಾರಾಯಿ ಎಂದರೇನು? ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿದ್ದು. ಕಡಿಮೆ ದರದ ನಮ್ಮ ವಿಸ್ಕಿ ಎಂದರೇನು? ಅದೇ ಕಾಕಂಬಿಯ ಸ್ಪಿರಿಟ್ಟು, ಸ್ವಲ್ಪ ಹೆಚ್ಚು ಶುದ್ಧ ಮಾಡಿ, ಸುಟ್ಟ ಸಕ್ಕರೆಯ ಬಣ್ಣ ಹಾಕಿ, ವಾಸನೆಗೆ ಎಸೆನ್ಸ್ ಸೇರಿಸಿ, ನೀರು ಬೆರೆಸಿದ್ದು. ಸ್ಕಾಟ್ಲೆಂಡಿನವರು ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅದು ಅವರ ಹೊಟ್ಟೆನೋವು. ನಮಗೆ ಮುಖ್ಯವಾದುದು ಡಬ್ಬಿಯ ಮೇಲೆ ಬರೆದ ಶೇ 42.8ರ ಆಲ್ಕೋಹಾಲ್. ಸಾರಾಯಿ ಇಷ್ಟು ಖಾರವಿರಲಿಲ್ಲ. 2007ರ ನಂತರ ಈ ಬಣ್ಣದ ಸಾರಾಯಿ 90 ಎಂ.ಎಲ್.ನ ಟೆಟ್ರಾ ಪ್ಯಾಕಿನಲ್ಲಿ ಬಂತು. ಮಕ್ಕಳ ಮಾವಿನ ರಸ ಬರುವಂಥದ್ದೇ ಡಬ್ಬಿ. ಒಡೆಯುವುದಿಲ್ಲ, ಸದ್ದಾಗುವುದಿಲ್ಲ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ‘ಓಟಿ’, ‘ಒರಿಜಿನಲ್ ಚಾಯ್ಸ್’, ‘ಹೈವರ್ಡ್ಸ್’ ಎಂಬ ಹೆಸರುಗಳು ಇಂಗ್ಲಿಷ್ ಬಾರದ ಅಜ್ಜಂದಿರ ಬಾಯಲ್ಲೂ ನಿಂತವು. ಕೇಳುವಾಗ ಹೆಸರೂ ಬೇಡ, ‘ಒಂದು ನೈಂಟಿ ಕೊಡು’ ಎಂದರೆ ಸಾಕು.

ಇದನ್ನು ಸಗಟಾಗಿ ಮಾರುವುದು ಯಾರು? 2003ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಪಾನೀಯ ನಿಗಮ, ಅಂದರೆ ಸರ್ಕಾರವೇ. ಚಿಲ್ಲರೆಯಲ್ಲಿ? 1992ರಿಂದ ಹೊಸ ವೈನ್‌ಶಾಪಿನ ಸಿಎಲ್–2, ಬಾರಿನ ಸಿಎಲ್–9 ಸನ್ನದುಗಳನ್ನು ಕೊಡುವುದು ನಿಂತಿತ್ತು. ಸಾರಾಯಿ ಹೋದ ಮೇಲೆ ಬಡವರಿಗೆ ನ್ಯಾಯವಾದ ದರದಲ್ಲಿ ಮದ್ಯ ಸಿಗಲಿ ಎಂಬ ಕಾರಣ ಹೇಳಿ ಎಂ.ಎಸ್.ಐ.ಎಲ್. ಹೆಸರಿನಲ್ಲಿ ಸರ್ಕಾರಿ ಮದ್ಯದಂಗಡಿಗಳನ್ನೇ ತೆರೆಯಲಾಯಿತು. ಅಬಕಾರಿ ಆದಾಯ ನಿಷೇಧದ ವರ್ಷದಲ್ಲಿ ಐದು ಸಾವಿರ ಕೋಟಿಯ ಆಸುಪಾಸಿನಲ್ಲಿತ್ತು. 2025–26ರ ಬಜೆಟ್ಟಿನಲ್ಲಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ನಡುವೆ ರೂಪಾಯಿಯ ಬೆಲೆ ಇಳಿದಿದೆ, ಜನಸಂಖ್ಯೆ ಏರಿದೆ, ಸುಂಕ ಏರಿದೆ, ಎಲ್ಲ ಹೌದು. 2023ರ ಜುಲೈನಲ್ಲಿ ಒಂದೇ ಸಲ ಶೇ 20ರಷ್ಟು ಹೆಚ್ಚುವರಿ ಸುಂಕ ಬಿತ್ತು. ಆದರೂ ಇಷ್ಟು ದೊಡ್ಡ ಸಂಖ್ಯೆಯನ್ನು ‘ಗುರಿ’ ಎಂದು ಕರೆಯುವ ಇಲಾಖೆ ಕುಡಿತ ಕಡಿಮೆಯಾಗಲಿ ಎಂದು ಹಾರೈಸಬೇಕೆಂದು ನಾವು ಬಯಸುವುದು ನಮ್ಮದೇ ಮುಗ್ಧತೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಅಬಕಾರಿ ಇಲಾಖೆಯ ಗೋಡೆಯ ಮೇಲೆ ಗಾಂಧಿ ಫೋಟೊ ಇರುವುದು ಆ ವಿಧಿಯ ನೆನಪಿಗೆ ಇರಬಹುದು.

ಈಗ ಹಳ್ಳಿಗೆ ಬರೋಣ. ಸಮಸ್ಯೆಯ ಹೊಟ್ಟೆ ಇರುವುದು ಅಲ್ಲಿ. ಸನ್ನದು ಇರುವ ಅಂಗಡಿಗಳು ಹೆಚ್ಚಾಗಿ ತಾಲ್ಲೂಕು ಕೇಂದ್ರದಲ್ಲಿ, ಹೋಬಳಿಯಲ್ಲಿ, ಹೆದ್ದಾರಿ ಬದಿಯಲ್ಲಿ. ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದಾಗ ಕೆಲವು ಅಂಗಡಿಗಳು ಒಳದಾರಿ ಹಿಡಿದವು, ಅಂದರೆ ಊರಿಗೆ ಇನ್ನಷ್ಟು ಹತ್ತಿರವಾದವು. ಹಳ್ಳಿಯಲ್ಲಿ ಸನ್ನದು ಇಲ್ಲ. ಆದರೆ ಮಾಲು ಇದೆ. ಕಿರಾಣಿ ಅಂಗಡಿಯ ಬೇಳೆ ಚೀಲದ ಹಿಂದೆ, ಚಹಾ ಹೋಟೆಲಿನ ಒಲೆಯ ಪಕ್ಕ, ಪೆಟ್ಟಿಗೆ ಅಂಗಡಿಯ ಮಣೆಯ ಕೆಳಗೆ, ಕೆಲವು ಕಡೆ ಮನೆಯ ಹಿತ್ತಿಲಲ್ಲಿ. ಬೆಳಗಿನ ಆರು ಗಂಟೆಗೆ ಕೇಳಿದರೂ ಸಿಗುತ್ತದೆ, ರಾತ್ರಿ ಹನ್ನೊಂದಕ್ಕೂ ಸಿಗುತ್ತದೆ. ದರ ಮಾತ್ರ ಡಬ್ಬಿಯ ಮೇಲಿನದಕ್ಕಿಂತ ಹೆಚ್ಚು. ದುಡ್ಡಿಲ್ಲದಿದ್ದರೆ ಉದ್ರಿ, ಶೇಂಗಾ, ಮೆಕ್ಕೆಜೋಳ ಬಂದಾಗ ಚುಕ್ತಾ. ಈ ಉದ್ರಿಯ ಲೆಕ್ಕ ಬರೆದ ನೋಟುಬುಕ್ಕು ಅನೇಕ ಮನೆಗಳ ಬೆಳೆಯನ್ನು ಕಟಾವಿಗೆ ಮೊದಲೇ ತಿಂದಿರುತ್ತದೆ.

ಮಾಲು ಬರುವ ದಾರಿ ಸರಳ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ 90 ಎಂ.ಎಲ್.ನ 96 ಡಬ್ಬಿ, ಒಟ್ಟು 8.64 ಲೀಟರ್. ಒಬ್ಬ ವ್ಯಕ್ತಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ 2.3 ಲೀಟರ್. ಇಪ್ಪತ್ತೈದು ಡಬ್ಬಿಗೆ 2.25 ಲೀಟರ್. ಹಾಗಾಗಿ ಒಂದು ಪೆಟ್ಟಿಗೆಯನ್ನು ನಾಲ್ಕು ಚೀಲ ಮಾಡಿದರೆ ನಾಲ್ವರೂ ಕಾನೂನಿನೊಳಗೇ ಇದ್ದಂತೆ. ಬೈಕಿನ ಟ್ಯಾಂಕಿನ ಮೇಲೆ ಚೀಲ ಇಟ್ಟುಕೊಂಡು ಹೋಗುವ ಹುಡುಗನನ್ನು ಹಿಡಿದರೆ ‘ಮನೆಯಲ್ಲಿ ಕಾರ್ಯ ಐತ್ರಿ’ ಎನ್ನುತ್ತಾನೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಅಕ್ರಮ ಮದ್ಯ ಮಾರಾಟ: ಒಬ್ಬನ ಬಂಧನ’ ಎಂಬ ಎರಡಿಂಚು ಸುದ್ದಿ ಬರುತ್ತಲೇ ಇರುತ್ತದೆ. ಸಿಕ್ಕಿಬೀಳುವವನು ಹಳ್ಳಿಯ ಅಂಗಡಿಯವನು. ಅಷ್ಟು ಮಾಲನ್ನು ಕೌಂಟರಿನಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಕೊಟ್ಟ ಸನ್ನದುದಾರನ ಹೆಸರು ಆ ಎರಡಿಂಚಿನಲ್ಲಿ ಅಪರೂಪ. ಪ್ರತಿ ಪೆಟ್ಟಿಗೆಯ ಮೇಲೂ ಬ್ಯಾಚ್ ನಂಬರ್ ಇರುತ್ತದೆ. ಯಾವ ಡಿಪೊದಿಂದ ಯಾವ ಅಂಗಡಿಗೆ ಹೋಯಿತೆಂದು ನಿಗಮದ ಕಂಪ್ಯೂಟರ್ ಹೇಳಬಲ್ಲದು. ಕೇಳುವವರಿಗೆ ಮನಸ್ಸು ಬೇಕು.

ಕೇಳಹೊರಟರೆ ಏನಾಗಬಹುದೆಂಬುದಕ್ಕೆ ಕೂಡ್ಲಿಗಿಯದೇ ಒಂದು ಪ್ರಸಂಗವಿದೆ. ಅನುಪಮಾ ಶೆಣೈ ಕೂಡ್ಲಿಗಿಯ ಡಿವೈಎಸ್‌ಪಿ ಆಗಿದ್ದರು. 2016ರ ಜನವರಿಯಲ್ಲಿ ಸಚಿವರೊಬ್ಬರ ಫೋನ್ ಕರೆ ಕಾಯುವಂತಾದ ಪ್ರಕರಣದ ಬೆನ್ನಿಗೆ ಅವರ ವರ್ಗಾವಣೆಯಾಯಿತು. ಜನ ಬೀದಿಗಿಳಿದ ಮೇಲೆ ಅದು ರದ್ದಾಯಿತು. ಜೂನ್‌ನಲ್ಲಿ ಅಂಬೇಡ್ಕರ್ ಭವನದ ಬಳಿಯ ಮದ್ಯದಂಗಡಿಯ ವಿವಾದದ ನಡುವೆ ಅವರು ರಾಜೀನಾಮೆ ಕೊಟ್ಟು ಹೊರಟುಹೋದರು. ಅವರ ಮುಂದಿನ ರಾಜಕೀಯ ಪ್ರಯೋಗಗಳನ್ನು, ಫೇಸ್‌ಬುಕ್ ಬರಹಗಳನ್ನು ಒಪ್ಪಬಹುದು, ಬಿಡಬಹುದು. ಒಂದು ತಾಲ್ಲೂಕು ಕೇಂದ್ರದಲ್ಲಿ ಒಂದು ಮದ್ಯದಂಗಡಿಯ ಜಗಳ ಪೊಲೀಸ್ ಅಧಿಕಾರಿಯ ನೌಕರಿಯನ್ನು ನುಂಗಬಲ್ಲದು ಎನ್ನುವುದಂತೂ ರಾಜ್ಯಕ್ಕೆಲ್ಲ ಗೊತ್ತಾಯಿತು. ಆಮೇಲೆ ಆ ಕುರ್ಚಿಗೆ ಬಂದವರಿಗೂ ಗೊತ್ತಿದ್ದೀತು.

ಇನ್ನು ನಿಜವಾದ ನಿಷಿದ್ಧ ಮಾಲು, ಕಳ್ಳಭಟ್ಟಿ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಅಬಕಾರಿ ದಾಳಿ ಎಂದಾಗಲೆಲ್ಲ ಜೀಪು ಹೋಗುವುದು ಅತ್ತಲೇ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಬಿಳಿಜಾಲಿಯ ಚಕ್ಕೆ ಹಾಕಿ, ಕೊಡವನ್ನು ಹಳ್ಳದ ಮರಳಲ್ಲೋ ತಿಪ್ಪೆಯಲ್ಲೋ ಹೂತಿಟ್ಟರೆ ಕೆಲವು ದಿನಕ್ಕೆ ನೊರೆ ಎದ್ದು ಹುಳಿ ವಾಸನೆ ಬರುತ್ತದೆ. ಇದು ಬೆಲ್ಲದ ಕೊಳೆ. ಅದನ್ನು ಒಲೆಯ ಮೇಲಿಟ್ಟು, ಮೇಲೊಂದು ಪಾತ್ರೆ ಕವುಚಿ, ಅದರ ಮೇಲೆ ತಣ್ಣೀರು ಸುರಿಯುತ್ತಾ ಆವಿ ಹಿಡಿದರೆ ಹನಿ ಹನಿಯಾಗಿ ಭಟ್ಟಿ ಇಳಿಯುತ್ತದೆ. ಬೆರಳದ್ದಿ ಬೆಂಕಿಗೆ ಹಿಡಿದು ನೀಲಿ ಉರಿ ಎದ್ದರೆ ಮಾಲು ಚೆನ್ನಾಗಿದೆ ಎಂದರ್ಥ. ಇಲ್ಲಿಯವರೆಗೆ ಇದು ಹಳೆಯ ಕಸುಬು. ಅವಸರಕ್ಕೆ ನವಸಾಗರ, ಯೂರಿಯಾ, ಸಿಕ್ಕಸಿಕ್ಕದ್ದನ್ನು ಹಾಕಲು ಶುರು ಮಾಡಿದ್ದು ದಾಳಿಗಳ ಕಾಲದಲ್ಲಿ. ಹದಿನೈದು ದಿನ ಕೊಡ ಹೂತಿಟ್ಟರೆ ಸಿಕ್ಕಿಬೀಳುವ ಭಯ. ಮೂರು ದಿನದಲ್ಲಿ ಮುಗಿಸಬೇಕು. ನಿಷೇಧ ಮಾಲನ್ನು ಹೀಗೆ ಕೆಡಿಸುತ್ತದೆ. ಸುಗ್ಗಿ ಮುಗಿದರೆ ಆ ತಾಂಡಾಗಳೇ ಅರ್ಧ ಖಾಲಿ, ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಗುಳೆ. ಭಟ್ಟಿ ಇಳಿಸುವುದು ಅಲ್ಲಿ ಚಟಕ್ಕಿಂತ ಹೆಚ್ಚಾಗಿ ಬೇಸಿಗೆಯ ಕೂಲಿ ಎಂದು ತಿಳಿಯದೆ ಕೊಡ ಒಡೆದು ಬರುವ ದಾಳಿಗಳಿಂದ ಫೋಟೊ ಸಿಗುತ್ತದೆ, ಫಲ ಸಿಗುವುದಿಲ್ಲ.

2020ರ ಮಾರ್ಚ್ 25ರಿಂದ ಮೇ 3ರವರೆಗೆ ರಾಜ್ಯದಲ್ಲಿ ಒಂದು ಹನಿ ಮದ್ಯವೂ ಕಾನೂನುಬದ್ಧವಾಗಿ ಸಿಗಲಿಲ್ಲ. ತಾಂಡಾಗಳಲ್ಲಿ ಮರೆತುಹೋಗುತ್ತಿದ್ದ ಕೊಡಗಳು ಮತ್ತೆ ಹೊರಬಂದವು, ರಾಜ್ಯದುದ್ದಕ್ಕೂ ಬೆಲ್ಲದ ಕೊಳೆ ನಾಶಪಡಿಸಿದ ಸುದ್ದಿ ದಿನಾಲೂ ಬರುತ್ತಿತ್ತು. ಅದೇ ಹೊತ್ತಿಗೆ ಮನೆಯಲ್ಲಿ ಬಲವಂತವಾಗಿ ಬಿಟ್ಟವರು ಬಹಳ ಮಂದಿ ಬದುಕಿಕೊಂಡರು ಎಂಬುದೂ ನಿಜ. ಅಂಗಡಿ ತೆರೆದ ದಿನ 45 ಕೋಟಿ, ಮಾರನೆಯ ದಿನ 197 ಕೋಟಿ ರೂಪಾಯಿ ವ್ಯಾಪಾರ. ಆರತಿ ಎತ್ತಿ, ಪಟಾಕಿ ಹೊಡೆದು ಅಂಗಡಿ ಬಾಗಿಲು ತೆಗೆಸಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಕುಡಿತದ ಆಕರ್ಷಣೆಗೆ ಬೇರೆ ನಿದರ್ಶನ ಬೇಡ.

ಹಾಗಾದರೆ ಸಾರಾಯಿ ವಾಪಸ್ ಬರಬೇಕೇ? ಬೇಕು ಎನ್ನುವವರ ವಾದ ಮೂರು. ಅಗ್ಗವಾಗಿತ್ತು, ಶುದ್ಧವಾಗಿತ್ತು, ನಮ್ಮದಾಗಿತ್ತು. ಅಗ್ಗವಾಗಿತ್ತು ಎನ್ನುವುದು ನಿಜ. ಕೂಲಿಯ ದೊಡ್ಡ ಪಾಲು ಇವತ್ತು ಡಬ್ಬಿಗೆ ಹೋಗುತ್ತದೆ. ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪ 2025ರ ಮಾರ್ಚ್‌ನಲ್ಲಿ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಿ ಎಂದಾಗ ಸದನ ನಕ್ಕಿತು. ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆಂದು ಗೊತ್ತಿರುವ ಹೆಂಗಸರು ನಗಲಿಲ್ಲ. ಆದರೆ ಅಗ್ಗವಾದರೆ ಖರ್ಚು ಕಡಿಮೆಯಾಗುತ್ತದೆ ಎಂಬ ಲೆಕ್ಕ ಚಟಕ್ಕೆ ಅನ್ವಯಿಸುವುದಿಲ್ಲ. ಸಾರಾಯಿ ಅಗ್ಗವಾಗಿದ್ದ ಕಾಲದಲ್ಲೇ ಹೆಂಗಸರು ಬೀದಿಗೆ ಬಂದದ್ದು.

ಶುದ್ಧವಾಗಿತ್ತು ಎನ್ನುವುದು ಪೂರಾ ಸುಳ್ಳು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಸಾರಾಯಿ ಕಾನೂನುಬದ್ಧವಾಗಿಯೇ ಇತ್ತು. ನಿಷೇಧದ ನಂತರ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆ ಕೊಂದದ್ದು ಮಿಥೈಲ್ ಆಲ್ಕೋಹಾಲ್, ಬಣ್ಣದ ಕಾರ್ಖಾನೆಗೆ ಹೋಗಬೇಕಾದ ಕೈಗಾರಿಕಾ ದ್ರಾವಣ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ. ಸನ್ನದು ಇದ್ದರೂ ಸಾವು ಬಂತು, ಇಲ್ಲದಿದ್ದರೂ ಬಂತು. ರಾಯಚೂರಿನಲ್ಲಿ ಸೇಂದಿಯ ಹೆಸರಿನಲ್ಲಿ ಸಿ.ಎಚ್. ಪೌಡರ್ ಎಂಬ ನಿದ್ದೆಯ ರಾಸಾಯನಿಕ ಕಲಸಿದ ನೀರು ಮಾರುವುದನ್ನು ನೋಡಿದವರು ‘ನಮ್ಮ ಹಳೆಯ ಶುದ್ಧ ಹೆಂಡ’ದ ಹಂಬಲವನ್ನು ಸ್ವಲ್ಪ ತಡೆಹಿಡಿಯಬೇಕು.

ಮೂರನೆಯ ವಾದ, ನಮ್ಮದಾಗಿತ್ತು ಎನ್ನುವುದು, ಸಾರಾಯಿಗೆ ಸಲ್ಲುವುದಿಲ್ಲ, ಹೆಂಡಕ್ಕೆ ಸಲ್ಲುತ್ತದೆ. ಈಚಲು, ತೆಂಗಿನ ಸೇಂದಿಗೆ ಒಂದು ಕಸುಬು, ಒಂದು ಸಮುದಾಯ, ಒಂದು ರುಚಿ ಇದೆ. ಸೇಂದಿ ನಿಷೇಧ ತೆಗೆಯಿರೆಂದು ಈಡಿಗರ ಪರವಾಗಿ ಪ್ರಣವಾನಂದ ಸ್ವಾಮೀಜಿ 2023ರ ಜನವರಿಯಲ್ಲಿ ಮಂಗಳೂರಿನ ಕುದ್ರೋಳಿಯಿಂದ ಬೆಂಗಳೂರಿಗೆ ನಡೆದರು. ಆ ಬೇಡಿಕೆಯನ್ನು ಸಾರಾಯಿಯ ಜೊತೆ ಕಲಸಿ ತಳ್ಳಿಹಾಕುವುದು ಸರಿಯಲ್ಲ. ನಿಷೇಧಕ್ಕೋ ತಾತ್ಸಾರಕ್ಕೋ ಒಳಗಾದ ಮದ್ಯ ಮರ್ಯಾದೆಯಿಂದ ವಾಪಸ್ ಬಂದ ಉದಾಹರಣೆಗಳು ಲೋಕದಲ್ಲಿವೆ. ಸ್ವಿಟ್ಜರ್ಲೆಂಡಿನಲ್ಲಿ 1905ರಲ್ಲಿ ಒಬ್ಬ ಕೂಲಿಕಾರ ಹೆಂಡತಿ ಮಕ್ಕಳನ್ನು ಗುಂಡಿಟ್ಟು ಕೊಂದ. ಅಂದು ಬೆಳಗಿನಿಂದ ಅವನು ಕುಡಿದದ್ದು ಬಹುಪಾಲು ದ್ರಾಕ್ಷಾರಸ, ಬ್ರಾಂದಿ. ಎರಡು ಗ್ಲಾಸು ಮಾತ್ರ ಆಬ್ಸಿಂಥ್ ಎಂಬ ಹಸಿರು ಮದ್ಯ. ಅಪವಾದ ಬಿದ್ದದ್ದು ಹಸಿರಿನ ಮೇಲೆ. 1910ರಲ್ಲಿ ಅಲ್ಲಿ ಅದಕ್ಕೆ ನಿಷೇಧ, 1915ರಲ್ಲಿ ಫ್ರಾನ್ಸಿನಲ್ಲೂ. ದ್ರಾಕ್ಷಿ ಬೆಳೆಗಾರರು ಒಳಗೊಳಗೇ ಸಂತೋಷಪಟ್ಟರು. ಹುಚ್ಚು ಹಿಡಿಸುವ ವಸ್ತು ಅದರಲ್ಲಿ ತೀರಾ ಅಲ್ಪ ಎಂದು ಆಮೇಲೆ ಗೊತ್ತಾಗಿ 2005ರಲ್ಲಿ ಸ್ವಿಸ್ ನಿಷೇಧ ತೆರವಾಯಿತು. ಈಗ ಅದು ದುಬಾರಿ ಬಾಟಲಿ, ಪ್ರವಾಸಿಗರ ಆಕರ್ಷಣೆ. ಗೋವಾದ ಫೆನಿಗೆ 2009ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಮಧ್ಯಪ್ರದೇಶ ಇಪ್ಪೆ ಹೂವಿನ ಮದ್ಯಕ್ಕೆ ಪರಂಪರೆಯ ಪಟ್ಟ ಕಟ್ಟಿತು. ಗಮನಿಸಬೇಕಾದುದು ಒಂದೇ: ಹೀಗೆ ವಾಪಸ್ ಬಂದವೆಲ್ಲ ಬಡವರ ಮದ್ಯವಾಗಿ ಹೋದವು, ಉಳ್ಳವರ ಮದ್ಯವಾಗಿ ಬಂದವು. ನಮ್ಮ ಸಾರಾಯಿಗೆ ಆ ಯೋಗವೂ ಇಲ್ಲ. ಕಾಕಂಬಿಯ ಸ್ಪಿರಿಟ್ಟಿಗೆ ಯಾವ ಊರಿನ ಹೆಸರು ಕಟ್ಟುತ್ತೀರಿ?

ನನ್ನ ಅಭಿಪ್ರಾಯ ಇಷ್ಟು. ಸಾರಾಯಿ ವಾಪಸ್ ಬರಬೇಕೇ ಎಂಬ ಪ್ರಶ್ನೆಯೇ ಹುಸಿ, ಅದು ಹೋಗಿಯೇ ಇಲ್ಲ. ಸಂಪೂರ್ಣ ಪಾನನಿಷೇಧವೂ ಸದ್ಯಕ್ಕೆ ಆಗದ ಮಾತು. 40,000 ಕೋಟಿಯನ್ನು ಬಿಟ್ಟುಕೊಡುವ ಸರ್ಕಾರ ಯಾವ ಪಕ್ಷದಲ್ಲೂ ಇಲ್ಲ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಿಂದಾಚೆ ಆಂಧ್ರದ ಗಡಿಯೂ ದೂರವಿಲ್ಲ. ಅಲ್ಲಿ 2019ರ ನಂತರ ಮದ್ಯದ ದರ ಏರಿದಾಗ ನಮ್ಮ ಟೆಟ್ರಾ ಪ್ಯಾಕುಗಳೇ ಕಳ್ಳದಾರಿಯಲ್ಲಿ ಅತ್ತ ಹೋದವು; ಇಲ್ಲಿ ನಿಷೇಧವಾದರೆ ದಾರಿಯ ದಿಕ್ಕು ಮಾತ್ರ ತಿರುಗುತ್ತದೆ. ಆಗಬಹುದಾದ ಕೆಲಸ ಸಣ್ಣದು, ಹಾಗಾಗಿಯೇ ಯಾರಿಗೂ ಬೇಡವಾದದ್ದು: ಸನ್ನದಿಲ್ಲದ ಹಳ್ಳಿಯಲ್ಲಿ ಮದ್ಯ ಸಿಗದಂತೆ ಮಾಡುವುದು. 2007ರಲ್ಲಿ ಹೆಂಗಸರಿಗೆ ಸಿಕ್ಕಿದ್ದ ಆ ದೂರವನ್ನು ಮರಳಿಸುವುದು.

2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು ಹುತಾತ್ಮರ ದಿನದಂದು ಬೆಂಗಳೂರು ತಲುಪಿದ ಸಾವಿರಾರು ಹೆಂಗಸರ ಪಾದಯಾತ್ರೆ ಕೇಳಿದ್ದರಲ್ಲಿ ಇದೂ ಒಂದು: ಊರಿನಲ್ಲಿ ಮದ್ಯ ಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಗ್ರಾಮಸಭೆಗೆ ಇರಲಿ. ಮಹಾರಾಷ್ಟ್ರದಲ್ಲಿ ಇದಕ್ಕೆ ಕ್ರಮವಿದೆ. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಒಂದು, ಅಡ್ಡ ಮಲಗಿಸಿದ ಬಾಟಲಿ ಒಂದು. ಅಡ್ಡ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಅಕ್ಷರ ಬಾರದ ಮುದುಕಿಗೂ ಅರ್ಥವಾಗುವ ಕಾನೂನು. ಕರ್ನಾಟಕದಲ್ಲಿ ಇಂಥದ್ದಿಲ್ಲ. ಅದರ ಜೊತೆಗೆ ಹಳ್ಳಿಯಲ್ಲಿ ಸಿಕ್ಕ ಪ್ರತಿ ಡಬ್ಬಿಯ ಬ್ಯಾಚ್ ನಂಬರ್ ಹಿಡಿದು ಅದನ್ನು ಕೊಟ್ಟ ಸನ್ನದುದಾರನ ಸನ್ನದನ್ನು ಅಮಾನತು ಮಾಡುವ ನಿಯಮ ಗಟ್ಟಿಯಾಗಿ ನಡೆದರೆ ಸಾಕು, ಬೇಳೆ ಚೀಲದ ಹಿಂದಿನ ದಾಸ್ತಾನು ತಾನಾಗಿ ಖಾಲಿಯಾಗುತ್ತದೆ.

ಈ ಐದು ತಾಲ್ಲೂಕುಗಳಿಗೆ ನಾಲ್ವರು ಶಾಸಕರಿದ್ದಾರೆ. ಮುಂದಿನ ಅಧಿವೇಶನದಲ್ಲಿ ಅವರಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಅಡ್ಡ ಬಾಟಲಿಯ ಕಾನೂನು ನಮಗೂ ಬೇಕೆಂದು ಕೇಳಲಿ. ಅವರು ಕೇಳದಿದ್ದರೆ, ಚುನಾವಣೆಗೆ ಓಟು ಕೇಳಲು ಬಂದಾಗ ನೀವು ಕೇಳಿ.